ಹೆರದ ಕೂಸಿಗಾಗಿ ಕೋಟೆ ಕಾದವಳು



ಹೊಲದ ಉತಾರ ಕೈಯಲ್ಲಿ ಹಿಡಿದು ಓದಿದ್ದೀರಾ? ಅದು ಗಂಡಸರ ಕಾಗದ ಅಂತ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದರೆ ಇವತ್ತು ಒಮ್ಮೆ ತೆಗೆದು ನೋಡಿರಿ. ಹೊಲದ ಮಾಲೀಕ ಇನ್ನೂ ಸಣ್ಣ ಹುಡುಗನಾಗಿದ್ದರೆ ಅವನ ಹೆಸರಿನ ಜೊತೆಗೆ 'ಅ.ಪಾ.ಕ.' ಅಂತ ಮೂರು ಅಕ್ಷರ ಬರೆದು, ತಾಯಿಯದೋ ಅಜ್ಜನದೋ ಕಾಕಾನದೋ ಹೆಸರು ಹಾಕಿರುತ್ತಾರೆ. ಅಜ್ಞಾನ ಪಾಲನಕರ್ತ ಎಂದು ಅದರ ಅರ್ಥ. ಹುಡುಗ ತಿಳಿವಳಿಕೆ ಬಂದು ದೊಡ್ಡವನಾಗುವ ತನಕ ಅವನ ಆಸ್ತಿ ಕಾಯುವವರು. ಹೊಲ ಅವರದಲ್ಲ, ಪೀಕು ಅವರದಲ್ಲ, ದಗದ ಮಾತ್ರ ಅವರದು!

ಈ ಮೂರು ಅಕ್ಷರದ ಭಾರ ಎಷ್ಟೆಂಬುದಕ್ಕೆ ನಮ್ಮ ನೆರೆಯ ಬಿಜಾಪುರದಲ್ಲಿಯೇ ಒಂದು ಕಥೆಯಿದೆ. ಕಟ್ಟಿದ ಕಥೆಯಲ್ಲ, ನಡೆದದ್ದು. ಹುನ್ನೂರಿನಿಂದ ಜಮಖಂಡಿಗೆ ಹೋಗಿ, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಯನ್ನು ದಾಟಿದರೆ ಬಿಜಾಪುರದ ದಾರಿ. ಈಗ ಅದಕ್ಕೆ ವಿಜಯಪುರ ಎಂದು ಹೆಸರು, ಆದರೆ ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ. ಗೋಲಗುಮ್ಮಟ ನೋಡಲಿಕ್ಕೆ ಶಾಲೆಯ ಟ್ರಿಪ್ಪಿನಲ್ಲಿ ನೀವೆಲ್ಲ ಹೋಗಿರುತ್ತೀರಿ. ಒಳಗೆ ನಿಂತು ನಿಮ್ಮ ಹೆಸರು ಕೂಗಿ ಏಳು ಸಲ ಕೇಳಿಸಿಕೊಂಡು ಬಂದಿರುತ್ತೀರಿ. ಆದರೆ ಅದೇ ಊರಿನಲ್ಲಿರುವ ಚಾಂದ ಬಾವಡಿಯನ್ನು ನೋಡಿ ಬಂದವರು ಎಷ್ಟು ಮಂದಿ? ಅಲಿ ಆದಿಲಶಹ ತನ್ನ ಹೆಂಡತಿ ಚಾಂದಬೀಬಿಯ ಹೆಸರಿನಲ್ಲಿ ಕಟ್ಟಿಸಿದ ಬಾವಿ ಅದು. ಆ ಚಾಂದಬೀಬಿಯ ಕಥೆಯನ್ನೇ ಈ ಸಲ ಹೇಳುತ್ತೇನೆ. ಆಕೆ ಒಂದಲ್ಲ, ಎರಡು ರಾಜ್ಯಗಳಿಗೆ ಅ.ಪಾ.ಕ. ಆದವಳು.

ಕೊಟ್ಟು ತರುವ ಸಂಬಂಧ

ಚಾಂದಬೀಬಿ ಅಹಮದನಗರದ ಹುಸೇನ ನಿಜಾಮಶಹನ ಮಗಳು. ಆಗ ವಿಜಯನಗರದ ಮೇಲೆ ದಂಡೆತ್ತಿ ಹೋಗಲು ದಖ್ಖನಿನ ಸುಲ್ತಾನರೆಲ್ಲ ಒಂದಾಗಬೇಕಿತ್ತು. ಅಹಮದನಗರಕ್ಕೂ ಬಿಜಾಪುರಕ್ಕೂ ಹಳೆಯ ಜಗಳ. ಅದನ್ನು ಮುಚ್ಚುವುದು ಹೇಗೆ? ನಮ್ಮ ಹಿರಿಯರು ಬಾಂದಿನ ಜಗಳಕ್ಕೆ ಮಾಡಿದ ಉಪಾಯವನ್ನೇ ಅವರೂ ಮಾಡಿದರು. ಹೆಣ್ಣು ಕೊಟ್ಟು ಹೆಣ್ಣು ತಂದರು! ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲಶಹನಿಗೆ ಕೊಟ್ಟರು. ಅಲಿಯ ತಂಗಿಯನ್ನು ಚಾಂದಬೀಬಿಯ ಒಡಹುಟ್ಟಿದ ಮುರ್ತಜಾನಿಗೆ ತಂದುಕೊಂಡರು. ಎರಡು ಮನೆತನ ಬಡಿದಾಡಿದ್ದ ಸೊಲ್ಲಾಪುರದ ಕೋಟೆಯೇ ಹುಡುಗಿಯ ಬಳುವಳಿಯಾಯಿತು. ಮದುವೆಯ ಹಂದರ ಬಿಚ್ಚಿ ಬಹಳ ದಿನವಾಗಿರಲಿಲ್ಲ, 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧ ನಡೆದು ವಿಜಯನಗರ ಮಣ್ಣುಗೂಡಿತು.

ಹೀಗೆ ರಾಜಕಾರಣಕ್ಕೆ ಕೊಟ್ಟ ಹುಡುಗಿ ಅತ್ತೆಮನೆಯಲ್ಲಿ ಸುಮ್ಮನೆ ಕೂಡಲಿಲ್ಲ. ಕುದುರೆ ಏರುತ್ತಿದ್ದಳು, ಬೇಟೆಗೂ ದಂಡಿಗೂ ಗಂಡನ ಜೊತೆ ಹೋಗುತ್ತಿದ್ದಳು. ಅರಬಿ, ಪಾರಸಿ, ಮರಾಠಿಯ ಜೊತೆಗೆ ನಮ್ಮ ಕನ್ನಡವನ್ನೂ ಬಲ್ಲವಳಾಗಿದ್ದಳೆಂದು ಹೇಳುತ್ತಾರೆ. ಸಿತಾರ ಬಾರಿಸುತ್ತಿದ್ದಳು, ಹೂವಿನ ಚಿತ್ರ ಬರೆಯುತ್ತಿದ್ದಳು. ಎಲ್ಲ ಇತ್ತು, ಮಡಿಲಲ್ಲಿ ಕೂಸು ಮಾತ್ರ ಇರಲಿಲ್ಲ.

ಒಂಬತ್ತು ವರ್ಷದ ಸುಲ್ತಾನ

1580ರಲ್ಲಿ ಅಲಿ ಆದಿಲಶಹನ ಕೊಲೆಯಾಯಿತು. ಸಾಯುವ ಮೊದಲೇ ಆತ ತನ್ನ ತಮ್ಮನ ಮಗ ಇಬ್ರಾಹಿಂನನ್ನು ವಾರಸುದಾರನೆಂದು ಸಾರಿದ್ದ. ಹುಡುಗನಿಗೆ ಆಗ ಒಂಬತ್ತು ವರ್ಷ. ನಮ್ಮ ಮನೆಯಲ್ಲಿ ಆ ವಯಸ್ಸಿನ ಹುಡುಗ ಅಂದರೆ ಬುಗುರಿ ಆಡುವವನು, ಸಾಲಿಗೆ ಹೋಗು ಅಂದರೆ ಹೊಟ್ಟೆ ನೋವು ಅನ್ನುವವನು! ಅಂಥವನ ತಲೆಯ ಮೇಲೆ ಕಿರೀಟ ಇಟ್ಟರೆ ಆಳುವವರು ಯಾರು?

ಆಳಲಿಕ್ಕೆ ಜನ ಕಡಿಮೆ ಇರಲಿಲ್ಲ. ಹುಡುಗನ ಪಾಲನೆ, ವಿದ್ಯೆ, ನಡೆನುಡಿ ಎಲ್ಲ ದೊಡ್ಡವ್ವ ಚಾಂದಬೀಬಿಯ ಕೈಗೆ ಬಂತು. ದರಬಾರಿನ ಕಾರಭಾರ ಕಮಾಲಖಾನ ಎಂಬ ಸರದಾರನ ಕೈಗೆ ಹೋಯಿತು. ಎರಡೇ ತಿಂಗಳಿಗೆ ಕಮಾಲಖಾನನಿಗೆ ತಾನೇ ಸುಲ್ತಾನ ಅನಿಸತೊಡಗಿತು. ಚಾಂದಬೀಬಿಗೆ ಮರ್ಯಾದೆ ತಪ್ಪಿ ನಡೆದ. ಆಕೆ ಕಿಶ್ವರಖಾನ ಎಂಬ ಇನ್ನೊಬ್ಬ ಸರದಾರನನ್ನು ಕರೆಸಿ ಕಮಾಲಖಾನನನ್ನು ತೆಗೆಸಿದಳು. ಅವನ ತಲೆಯೇ ಹೋಯಿತು.

ಬಂದ ಕಿಶ್ವರಖಾನನಾದರೂ ಒಳ್ಳೆಯವನೇ? ಅವನು ಇನ್ನೂ ಒಂದು ಕೈ ಮೇಲೆ. ಯುದ್ಧದಲ್ಲಿ ಸರದಾರರು ಗೆದ್ದು ತಂದ ಆನೆಗಳನ್ನೆಲ್ಲ ತನಗೇ ಒಪ್ಪಿಸಬೇಕೆಂದ. ಸಿಟ್ಟಿಗೆದ್ದ ಸರದಾರರು ಬಂಕಾಪುರದ ಮುಸ್ತಫಾಖಾನನನ್ನು ಮುಂದೆ ಮಾಡಬೇಕೆಂದರು. ನಮ್ಮ ಹಾವೇರಿ ಕಡೆಯ ಅದೇ ಬಂಕಾಪುರ. ಕಿಶ್ವರಖಾನ ಆ ಮುಸ್ತಫಾಖಾನನನ್ನು ಕೊಲ್ಲಿಸಿಬಿಟ್ಟ. ಚಾಂದಬೀಬಿ ಈ ಕೃತ್ಯವನ್ನು ಎದುರಿಗೇ ಖಂಡಿಸಿದಾಗ, ಆಕೆ ತವರಿಗೆ ಗುಟ್ಟು ಮುಟ್ಟಿಸುತ್ತಾಳೆ ಎಂದು ಆರೋಪ ಹೊರಿಸಿ ಸಾತಾರದ ಕೋಟೆಯಲ್ಲಿ ಸೆರೆಗೆ ಹಾಕಿದ.

ನೋಡಿರಿ, 'ಈಕೆಗೆ ತವರಿನ ಕಡೆಯೇ ಜಗ್ಗು' ಅನ್ನುವ ಮಾತು ಎಷ್ಟು ಹಳೆಯದು! ಅತ್ತೆಮನೆಯಲ್ಲಿ ಹದಿನೈದು ವರ್ಷ ಬಾಳಿದವಳಿಗೂ ಅದು ತಪ್ಪಲಿಲ್ಲ.

ಆದರೆ ಬಿಜಾಪುರದ ಮಂದಿ ಸುಮ್ಮನಿರಲಿಲ್ಲ. ಕಿಶ್ವರಖಾನ ಬೀದಿಯಲ್ಲಿ ಹೊರಟರೆ ಜನ ಛೀ ಥೂ ಎಂದರು. ಇಖಲಾಸಖಾನನ ಜೊತೆ ಹಬಸಿ ಸರದಾರರು ಎದ್ದರು. ಕಿಶ್ವರಖಾನ ಊರು ಬಿಟ್ಟು ಓಡಿ, ಕೊನೆಗೆ ಗೋಲ್ಕೊಂಡದಲ್ಲಿ ಮುಸ್ತಫಾಖಾನನ ಬಳಗದವನ ಕೈಯಲ್ಲಿಯೇ ಸತ್ತ. ಚಾಂದಬೀಬಿಯ ಬಿಡುಗಡೆಯಾಯಿತು.

ಒಳಗೆ ಕಿತ್ತಾಟ ಇದ್ದರೆ ಹೊರಗಿನವರಿಗೆ ಹಬ್ಬ. ಅಹಮದನಗರ ಮತ್ತು ಗೋಲ್ಕೊಂಡದ ದಂಡು ಕೂಡಿ ಬಂದು ಬಿಜಾಪುರಕ್ಕೆ ಮುತ್ತಿಗೆ ಹಾಕಿದವು. ಅಹಮದನಗರ ಅಂದರೆ ಆಕೆಯ ತವರೇ! ತವರಿನ ದಂಡು ಬಾಗಿಲಲ್ಲಿ ನಿಂತಿದ್ದಾಗ ಆಕೆ ಗೋಡೆಯ ಈಚೆ, ಮೈದುನನ ಮಗನ ಪಕ್ಕದಲ್ಲಿ ನಿಂತಳು. ಅಬುಲ್ ಹಸನ ಎಂಬವನಿಗೆ ಕಾರಭಾರ ಒಪ್ಪಿಸಿ, ಕರ್ನಾಟಕದ ಕಡೆಯಿಂದ ಮರಾಠಾ ರಾವುತರನ್ನು ಕರೆಸಿದರು. ಆ ರಾವುತರು ಎದುರು ನಿಂತು ಕಾದಲಿಲ್ಲ. ವೈರಿಯ ದಂಡಿಗೆ ಕಾಳುಕಡಿ, ಮೇವು ಬರುವ ದಾರಿಯನ್ನೇ ಕಡಿದರು. ಹೊಟ್ಟೆಗಿಲ್ಲದ ದಂಡು ಎಷ್ಟು ದಿನ ನಿಂತೀತು? ಮುತ್ತಿಗೆ ತೆಗೆದು ಹೋಯಿತು. ಒಲೆಯ ಲೆಕ್ಕ ತಿಳಿದವರಿಗೆ ಈ ಯುದ್ಧತಂತ್ರ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ 1582ರಲ್ಲಿ ದಿಲಾವರಖಾನ ಕಾರಭಾರ ಹಿಡಿದ. ಎರಡು-ಮೂರು ವರ್ಷದಲ್ಲಿ ಎಷ್ಟು ಮಂದಿ ಆಳಿದರು ಎಣಿಸಿರಿ! ಇಷ್ಟರ ನಡುವೆ ಹುಡುಗನ ಜೀವಕ್ಕೆ ಅಪಾಯ ಆಗದಂತೆ, ಅವನ ವಿದ್ಯೆ ನಿಲ್ಲದಂತೆ ನೋಡಿಕೊಂಡವಳು ದೊಡ್ಡವ್ವ. 1584ರಲ್ಲಿ ಇಬ್ರಾಹಿಂನ ಅಕ್ಕನನ್ನು ಅಹಮದನಗರದ ಮನೆತನಕ್ಕೆ ಕೊಟ್ಟಾಗ ಚಾಂದಬೀಬಿ ಮದುಮಗಳ ಜೊತೆ ತವರಿಗೆ ಹೋದಳು. ಇಬ್ರಾಹಿಂ ದೊಡ್ಡವನಾಗಿ 1590ರ ಸುಮಾರಿಗೆ ದಿಲಾವರಖಾನನನ್ನು ತೆಗೆದು ತಾನೇ ಆಳತೊಡಗಿದ. 1627ರ ತನಕ ಆಳಿದ. ಸಂಗೀತ ಬಲ್ಲವನೆಂದು, ಸರಸ್ವತಿಯನ್ನು ಸ್ತುತಿಸಿ 'ಕಿತಾಬ್-ಎ-ನೌರಸ್' ಬರೆದವನೆಂದು, ಪ್ರಜೆಗಳು 'ಜಗದ್ಗುರು' ಎಂದು ಕರೆದರೆಂದು ಓದಿದ್ದೀರಲ್ಲ, ಅವನೇ ಈ ಹುಡುಗ. ಇಬ್ರಾಹಿಂ ರೋಜಾ ಅವನದೇ ಸಮಾಧಿ.

ದೂರದ ಸಯಾಂ ದೇಶದಲ್ಲಿ

ಸಣ್ಣ ಹುಡುಗ ರಾಜನಾದರೆ ಇಷ್ಟು ರಾಮಾಯಣ ಆಗುವುದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿರಿ. ಅದೇ ನೂರು ವರ್ಷದೊಳಗೆ, ಈಗ ಥೈಲ್ಯಾಂಡ್ ಎನ್ನುವ ಸಯಾಂ ದೇಶದ ಅಯುತ್ಥಯಾ ಎಂಬ ರಾಜಧಾನಿಯಲ್ಲಿಯೂ ಹೀಗೆಯೇ ಆಯಿತು. ನಮ್ಮ ಅಯೋಧ್ಯೆಯ ಹೆಸರೇ ಅಲ್ಲಿ ಹಾಗಾಗಿದೆ. 1546ರಲ್ಲಿ ಅಲ್ಲಿನ ರಾಜ ಸತ್ತಾಗ ಮಗ ಯೋತ್ ಫಾನಿಗೆ ಹನ್ನೊಂದು ವರ್ಷ. ಕಾರಭಾರ ಹಿಡಿದವಳು ಹೆತ್ತ ತಾಯಿಯೇ. ಆದರೆ ಆಕೆ ತಾನು ಮೆಚ್ಚಿದವನನ್ನು ಸಿಂಹಾಸನಕ್ಕೆ ಏರಿಸಿದಳು, 1548ರಲ್ಲಿ ಹುಡುಗನ ಕೊಲೆಯಾಯಿತು ಎಂದು ಅಲ್ಲಿನ ಬಖರುಗಳು ಹೇಳುತ್ತವೆ. ಸಿಂಹಾಸನ ಏರಿದವನು ಎರಡು ತಿಂಗಳೂ ಬಾಳಲಿಲ್ಲ. ಸರದಾರರು ಅವರಿಬ್ಬರನ್ನೂ ಕೊಂದು ಹುಡುಗನ ಕಾಕಾನನ್ನು ರಾಜನನ್ನಾಗಿ ಮಾಡಿದರು. ಈ ಗದ್ದಲ ನೋಡಿ ಬರ್ಮಾದ ರಾಜ ದಂಡೆತ್ತಿ ಬಂದ. ಹೊಸ ರಾಜನ ಹೆಂಡತಿ ಸುರಿಯೋಥಾಯ್ ಗಂಡಸಿನ ವೇಷದಲ್ಲಿ ಆನೆ ಏರಿ, ಗಂಡನ ಜೀವ ಉಳಿಸಲು ನಡುವೆ ನುಗ್ಗಿ ಪ್ರಾಣ ಕೊಟ್ಟಳು. ಅವಳ ನೆನಪಿನ ಸ್ತೂಪ ಈಗಲೂ ಅಯುತ್ಥಯಾದಲ್ಲಿ ಇದೆ.

ಹೆತ್ತವಳು ಮಗನನ್ನು ಕಾಯಲಿಲ್ಲ. ಇಲ್ಲಿ ಬಿಜಾಪುರದಲ್ಲಿ ಹೆರದವಳು ಕಾದಳು. ಹೊಟ್ಟೆಯಲ್ಲಿ ಹುಟ್ಟಿದರಷ್ಟೇ ಮಗ ಎನ್ನುವವರಿಗೆ ಇದನ್ನು ಹೇಳಬೇಕು.

ಎರಡನೆಯ ಕೂಸು

ತವರಿಗೆ ಹೋದ ಚಾಂದಬೀಬಿಗೆ ಅಲ್ಲಿಯೂ ಅದೇ ಗೋಳು ಕಾದಿತ್ತು. 1588ರಲ್ಲಿ ಆಕೆಯ ಒಡಹುಟ್ಟಿದ ಮುರ್ತಜಾನನ್ನು ಅವನ ಮಗನೇ ಕೊಂದ. ಮರುವರ್ಷ ಆ ಮಗನೂ ಕೊಲೆಯಾದ. ಒಬ್ಬರ ಮೇಲೆ ಒಬ್ಬರು ಏರಿ ಇಳಿದರು. 1595ರಲ್ಲಿ ಅಹಮದನಗರದ ಸುಲ್ತಾನ ಇಬ್ರಾಹಿಂ ನಿಜಾಮಶಹ ಯುದ್ಧದಲ್ಲಿ ಸತ್ತ. ಯಾರ ಜೊತೆ ಯುದ್ಧ? ಬಿಜಾಪುರದ ಜೊತೆ! ಆಕೆ ಸಾಕಿದ ಮಗನ ದಂಡಿನ ಎದುರು ಆಕೆಯ ಸೋದರಳಿಯ ಬಿದ್ದಿದ್ದ. ಆ ಸಂಕಟ ಯಾವ ಇತಿಹಾಸದಲ್ಲಿಯೂ ಬರೆದಿಲ್ಲ, ಆದರೆ ಹೆಣ್ಣುಮಕ್ಕಳಾದ ನಮಗೆ ತಿಳಿಯುತ್ತದೆ.

ಸತ್ತವನ ಮಗ ಬಹಾದ್ದೂರ ಇನ್ನೂ ಎಳೆ ಕೂಸು. ವಾರಸುದಾರ ಅವನೇ ಎಂದು ಚಾಂದಬೀಬಿ ಪಟ್ಟು ಹಿಡಿದಳು. ಮಿಯಾನ ಮಂಜು ಎಂಬ ಮಂತ್ರಿ ಬೇರೊಬ್ಬ ಹುಡುಗನನ್ನು ತಂದು ಕೂಡ್ರಿಸಿದ. ಆ ಹುಡುಗ ಮನೆತನದವನೇ ಅಲ್ಲ ಎಂದು ಉಳಿದ ಸರದಾರರು ತಿರುಗಿಬಿದ್ದಾಗ, ಮಿಯಾನ ಮಂಜು ಹೆದರಿ ಮೊಗಲರ ಸಹಾಯ ಕೇಳಿದ. ಅಕ್ಬರನ ಮಗ ಮುರಾದ 1595ರ ಡಿಸೆಂಬರದಲ್ಲಿ ದೊಡ್ಡ ದಂಡು ತಂದು ಅಹಮದನಗರದ ಕೋಟೆಯ ಮುಂದೆ ಇಳಿದ. ಕರೆದವನು ಊರು ಬಿಟ್ಟು ಹೋದ, ಕೋಟೆಯಲ್ಲಿ ಉಳಿದವಳು ಚಾಂದಬೀಬಿ.

ಮೊಗಲರು ಕೋಟೆಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿದರು. ಮೊಗಲರ ಡೇರೆಯಿಂದಲೇ ಒಬ್ಬ ಪುಣ್ಯಾತ್ಮ ರಾತ್ರಿ ಬಂದು ಸುರಂಗದ ಜಾಗ ತೋರಿಸಿಕೊಟ್ಟ. ಒಳಗಿನವರು ಎದುರಿನಿಂದ ತೋಡಿ ಎರಡು ಸುರಂಗಗಳ ಮದ್ದು ತೆಗೆದರು. ಮೂರನೆಯದನ್ನು ತೆಗೆಯುತ್ತಿರುವಾಗಲೇ ಅದು ಸಿಡಿದು ಗೋಡೆ ಅಗಲಕ್ಕೆ ಕುಸಿಯಿತು. ಕಾವಲಿನವರು ಓಡತೊಡಗಿದರು. ಆಗ ಚಾಂದಬೀಬಿ ಕವಚ ತೊಟ್ಟು, ಮುಖಕ್ಕೆ ಪರದೆ ಎಳೆದುಕೊಂಡು, ಒರೆಯಿಂದ ಹಿರಿದ ಕತ್ತಿಯೊಂದಿಗೆ ಆ ಬಿರುಕಿನಲ್ಲಿ ಬಂದು ನಿಂತಳು. ಓಡುವವರು ನಾಚಿ ಹಿಂತಿರುಗಿದರು. ಸಂಜೆಯ ತನಕ ಕಾದಾಟ. ಮೊಗಲರು ಹಿಂದೆ ಸರಿದ ಮೇಲೆ ರಾತ್ರಿಯೆಲ್ಲ ನಿಂತು ಗೋಡೆ ಕಟ್ಟಿಸಿದಳು. ಬೆಳಗಾಗುವುದರೊಳಗೆ ಗೋಡೆ ಆಳೆತ್ತರ ಮೀರಿ ಎದ್ದಿತ್ತು. ಗುಂಡು ತೀರಿದಾಗ ತಾಮ್ರದ, ಬೆಳ್ಳಿಯ, ಕೊನೆಗೆ ಬಂಗಾರದ ನಾಣ್ಯಗಳನ್ನು ತೋಪಿಗೆ ತುಂಬಿ ಹಾರಿಸಿದಳೆಂದು ಜನ ಹೇಳುವ ಕಥೆಯೂ ಇದೆ.

ಇಷ್ಟರಲ್ಲಿ ದೊಡ್ಡವ್ವನ ಕರೆಗೆ ಓಗೊಟ್ಟು ಬಿಜಾಪುರದ ಇಬ್ರಾಹಿಂ ತನ್ನ ದಂಡು ಕಳಿಸಿದ್ದ. ಗೋಲ್ಕೊಂಡದ ದಂಡೂ ಕೂಡಿತು. ಅದು ಹತ್ತಿರ ಬರುವುದನ್ನು ಕೇಳಿ ಮುರಾದ 1596ರಲ್ಲಿ ರಾಜಿಗೆ ಒಪ್ಪಿದ. ವರ್ಹಾಡ ಪ್ರಾಂತವನ್ನು ಮೊಗಲರಿಗೆ ಬಿಟ್ಟುಕೊಡಬೇಕಾಯಿತು, ಆದರೆ ಬಹಾದ್ದೂರನೇ ಸುಲ್ತಾನನೆಂದು ಅವರೂ ಒಪ್ಪಿದರು. ಮನೆ ಉಳಿಸಲಿಕ್ಕೆ ಹಿತ್ತಲ ಬಿಟ್ಟಂತೆ!

ಒಂದು ಪಿಸುಮಾತು

ಕೊನೆ ಹೇಳಲಿಕ್ಕೆ ಮನಸ್ಸಾಗುವುದಿಲ್ಲ. ಆದರೂ ಅದೇ ಮುಖ್ಯವಾದದ್ದು.

1600ರಲ್ಲಿ ಮೊಗಲರು ಮತ್ತೆ ಬಂದರು. ಈ ಸಲ ಅಕ್ಬರನ ಇನ್ನೊಬ್ಬ ಮಗ ದಾನಿಯಾಲ ಬಂದಿದ್ದ. ಕೋಟೆಯ ಸರದಾರರು ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಈ ದಂಡಿನ ಮೇಲೆ ಭರವಸೆ ಇಟ್ಟು ಕಾದಲು ಸಾಧ್ಯವಿಲ್ಲ, ಕೋಟೆ ಬಿಟ್ಟುಕೊಟ್ಟು ಹುಡುಗನನ್ನು ಜುನ್ನರಕ್ಕೆ ಕರೆದುಕೊಂಡು ಹೋಗಿ ಜೀವ ಉಳಿಸೋಣ ಎಂದು ಚಾಂದಬೀಬಿ ವಿಚಾರ ಮಾಡಿದಳು. ಈ ವಿಚಾರವನ್ನು ನಂಬಿಗಸ್ತನೆಂದು ತಿಳಿದ ಒಬ್ಬನ ಮುಂದೆ ಹೇಳಿದಳು. ಅವನು ಹೊರಗೆ ಓಡಿ, 'ಬೇಗಂ ಮೊಗಲರಿಗೆ ಕೋಟೆ ಮಾರಿದ್ದಾಳೆ' ಎಂದು ಕೂಗಿದ. ದಂಡಾಳುಗಳು ಮಹಲಿಗೆ ನುಗ್ಗಿ ಆಕೆಯನ್ನು ಕೊಂದರು.

ಸ್ವಲ್ಪ ದಿನಕ್ಕೆ ಕೋಟೆ ಬಿತ್ತು. ಬಹಾದ್ದೂರ ಸೆರೆಯಾಗಿ ಗ್ವಾಲ್ಹೇರದ ಕೋಟೆಗೆ ಹೋದ. ಆಕೆ ಹೇಳಿದಂತೆ ಕೇಳಿದ್ದರೆ ಹುಡುಗ ಜುನ್ನರದಲ್ಲಿ ಇರುತ್ತಿದ್ದನೇನೋ.

ನಾಲ್ಕು ವರ್ಷದ ಹಿಂದೆ ಕತ್ತಿ ಹಿಡಿದು ಬಿರುಕಿನಲ್ಲಿ ನಿಂತವಳನ್ನು ಮೊಗಲರ ತೋಪು ಕೊಲ್ಲಲಿಲ್ಲ. ಮನೆಯವರ ಸಂಶಯ ಕೊಂದಿತು.

ಇನ್ನೊಂದು ಮಾತು. ಬಿಜಾಪುರದ ಅದೇ ಸಿಂಹಾಸನಕ್ಕೆ 1672ರಲ್ಲಿ ಮತ್ತೆ ಒಬ್ಬ ಸಣ್ಣ ಹುಡುಗ ಬಂದ. ಸಿಕಂದರ, ನಾಲ್ಕೈದು ವರ್ಷದವನು. ಖವಾಸಖಾನ, ಬಹಲೋಲಖಾನ, ಸಿದ್ದಿ ಮಸೂದ ಎಂದು ಒಬ್ಬೊಬ್ಬರಾಗಿ ಕಾರಭಾರ ಹಿಡಿದರು. ರಾಜ್ಯವನ್ನು ಹರಿದು ಹಂಚಿಕೊಂಡರು. ಈ ಸಲ ಹುಡುಗನ ಪಕ್ಕದಲ್ಲಿ ಚಾಂದಬೀಬಿಯಂಥವರು ಇರಲಿಲ್ಲ. 1686ರಲ್ಲಿ ಔರಂಗಜೇಬ ಬಂದು ಬಿಜಾಪುರವನ್ನೇ ತೆಗೆದುಕೊಂಡ. ಅದೇ ಮನೆ, ಅದೇ ಕೋಟೆ, ಅದೇ ಹುಡುಗುತನ. ಒಮ್ಮೆ ರಾಜ್ಯ ಉಳಿಯಿತು, ಒಮ್ಮೆ ಹೋಯಿತು. ಔರಂಗಜೇಬನ ಬಲ ದೊಡ್ಡದು, ನಿಜ. ಆದರೆ ಒಳಗಿನಿಂದ ಗೆದ್ದಲು ಹತ್ತಿದ ತೊಲೆಗೆ ಗಾಳಿಯೂ ಸಾಕು.

ನಮ್ಮ ಮನೆಯ ಮಾತು

ಈ ಕಥೆ ನಮಗೇಕೆ ಅನ್ನುತ್ತೀರಾ? ನಮ್ಮ ಊರುಗಳಲ್ಲಿ ಎಷ್ಟು ಚಾಂದಬೀಬಿಯರಿಲ್ಲ! ನನಗೆ ಗೊತ್ತಿರುವ ಒಬ್ಬಾಕೆ ತೀರಿಕೊಂಡ ಮೈದುನನ ಎರಡು ಮಕ್ಕಳನ್ನು ತನ್ನ ಮಕ್ಕಳ ಜೊತೆ ಒಂದೇ ಗಂಗಾಳದಲ್ಲಿ ಉಣಿಸಿ ಬೆಳೆಸಿದಳು. ಮೂರು ಎಕರೆ ನೀರಾವರಿ ಹೊಲ ಆ ಮಕ್ಕಳ ಹೆಸರಿಗೆ. ಓಣಿಯ ಮಾತು ಏನು ಗೊತ್ತೇ? 'ಅಷ್ಟು ಪ್ರೀತಿ ಮಕ್ಕಳ ಮೇಲೆ ಅಲ್ಲವಾ, ಹೊಲದ ಮೇಲೆ ಐತಿ.' ಆಕೆ ಬಾಯಿಗೆ ಬಾಯಿ ಕೊಡಲಿಲ್ಲ. ಒಂದು ವಹಿ ಇಟ್ಟಳು. ಕಬ್ಬಿನ ಬಿಲ್ಲು ಎಷ್ಟು ಬಂತು, ಗೊಬ್ಬರಕ್ಕೆ ಎಷ್ಟು, ಸಾಲಿಯ ಫೀಜು ಎಷ್ಟು, ಉಳಿದದ್ದು ಯಾವ ಖಾತೆಗೆ ಹೋಯಿತು ಎಂದು ಬರೆದಳು. ವರ್ಷಕ್ಕೊಮ್ಮೆ ಯುಗಾದಿಗೆ ಎರಡೂ ಕಡೆಯ ಹಿರಿಯರನ್ನು ಊಟಕ್ಕೆ ಕರೆದು ಓದಿ ತೋರಿಸುತ್ತಿದ್ದಳು. ಹುಡುಗನಿಗೆ ಹದಿನೆಂಟು ತುಂಬಿದ ದಿನ ವಹಿಯನ್ನೂ ಪಾಸ್‌ಬುಕ್ಕನ್ನೂ ಅವನ ಕೈಯಲ್ಲಿಟ್ಟಳು. ಆ ಹೊತ್ತು ಓಣಿಯ ಬಾಯಿ ಬಂದಾಯಿತು.

ಅದಕ್ಕೇ ಹೇಳುತ್ತೇನೆ. ಬೇರೆಯವರ ಕೂಸು, ಬೇರೆಯವರ ಆಸ್ತಿ ನಿಮ್ಮ ಕೈಗೆ ಬಂದರೆ ನಾಲ್ಕು ಮಾತು ನೆನಪಿಡಿರಿ.

ಮೊದಲನೆಯದು, ಮಕ್ಕಳ ರೊಕ್ಕ ಮಕ್ಕಳ ಹೆಸರಿನ ಖಾತೆಯಲ್ಲೇ ಇರಲಿ. ನಿಮ್ಮ ರೊಕ್ಕದ ಜೊತೆ ಕಲಸಬೇಡಿರಿ.

ಎರಡನೆಯದು, ಲೆಕ್ಕ ಬರೆದಿಡಿರಿ. ನೆನಪಿನ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಮೂರನೆಯದು, ಕಾಯ್ದೆ ತಿಳಿದುಕೊಳ್ಳಿರಿ. ಹಿಂದೂ ಮನೆತನಗಳಿಗೆ 1956ರ ಪಾಲಕತ್ವದ ಕಾಯ್ದೆ ಇದೆ. ಅದರ ಪ್ರಕಾರ, ಮಗುವಿನ ಸ್ವಂತದ ಹೊಲ-ಮನೆಯನ್ನು ಹೆತ್ತ ತಾಯಿ-ತಂದೆ ಕೂಡ ಕೋರ್ಟಿನ ಪರವಾನಗಿ ಇಲ್ಲದೆ ಮಾರುವಂತಿಲ್ಲ, ಒತ್ತಿ ಹಾಕುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಲಾವಣಿಗೆ ಕೊಡುವಂತಿಲ್ಲ. ಕೇವಲ ಸಾಕುತ್ತಿರುವ ದೊಡ್ಡವ್ವ-ಕಾಕಾನಿಗಂತೂ ಮಾರುವ ಅಧಿಕಾರವೇ ಇಲ್ಲ. ಯಾರಾದರೂ 'ಸಹಿ ಮಾಡವಾ, ಏನೂ ಆಗೂದಿಲ್ಲ' ಅಂದರೆ ಹೆಬ್ಬೆಟ್ಟು ಹಚ್ಚುವ ಮೊದಲು ವಕೀಲರನ್ನು ಕೇಳಿರಿ.

ನಾಲ್ಕನೆಯದು, ದೊಡ್ಡ ನಿರ್ಧಾರವನ್ನು ಒಬ್ಬರ ಕಿವಿಯಲ್ಲಿ ಹೇಳಬೇಡಿರಿ. ನಾಲ್ಕು ಮಂದಿಯನ್ನು ಕೂಡಿಸಿ ಹೇಳಿರಿ. ಒಬ್ಬನಿಗೆ ಹೇಳಿದ ಮಾತು ಬಾಗಿಲು ದಾಟುವುದರೊಳಗೆ ಬೇರೆಯೇ ರೂಪ ತಾಳುತ್ತದೆ. ಚಾಂದಬೀಬಿಯ ವಿಚಾರ ಕೂಸಿನ ಜೀವ ಉಳಿಸುವುದಾಗಿತ್ತು. ಹೊರಗೆ ಕೇಳಿಸಿದ್ದು ಕೋಟೆ ಮಾರುವ ಮಾತು.

ಇನ್ನು ನೋಡುತ್ತ ನಿಂತವರಿಗೂ ಒಂದು ಮಾತಿದೆ. ಬಾವಿಕಟ್ಟೆಯ ಮೇಲೆ ಆಡುತ್ತಿದ್ದ ಮಾತು ಈಗ ಮೊಬೈಲಿನಲ್ಲಿ ಓಡುತ್ತದೆ, ಅಷ್ಟೇ ಫರಕು. ಹೆರದ ಕೂಸನ್ನು ಸಾಕುವವಳ ಬಗ್ಗೆ ಯಾರಾದರೂ 'ಆಕಿ ಹೊಲಕ್ಕ ಆಸೆಪಟ್ಟಾಳ' ಎಂದರೆ, 'ನೀ ವಹಿ ನೋಡೀಯೇನವಾ?' ಎಂದು ಒಂದು ಮಾತು ಕೇಳಿರಿ. ಅಹಮದನಗರದಲ್ಲಿ ಆ ಹೊತ್ತು ಹೀಗೆ ಕೇಳುವ ಒಬ್ಬರಿದ್ದಿದ್ದರೆ ಸಾಕಾಗಿತ್ತು.